ಎರಡನೆಯ ಕೂಗಿಲ್ಲದ ಪರೀಕ್ಷೆ

ಚಿತ್ತಾಪುರದಲ್ಲಿ ದೇವಿಂದ್ರಪ್ಪ ವಕೀಲನನ್ನು ಯಾರಾದರೂ ಕರೆಯಬೇಕೆಂದರೆ ಎರಡು ಸಲ ಕರೆಯಬೇಕಾಗಿತ್ತು. ಮೊದಲನೆಯ ಕರೆಗೆ ಅವನು ತಲೆ ಎತ್ತುತ್ತಿರಲಿಲ್ಲ. ಕಿವಿ ಮಂದವಿರಲಿಲ್ಲ, ಸೊಕ್ಕಂತೂ ಅವನ ಹತ್ತಿರ ಸುಳಿದದ್ದೇ ಇಲ್ಲ. ಕೋರ್ಟಿನ ಎದುರಿಗೆ ಚಹಾದಂಗಡಿ ಇಟ್ಟಿದ್ದ ಖಂಡಪ್ಪನಿಗೆ ಇದು ಎಷ್ಟು ರೂಢಿಯಾಗಿತ್ತೆಂದರೆ, ಅವನು ಒಮ್ಮೆ "ವಕೀಲ ಸಾಹೇಬ್ರ" ಎಂದು ಕೂಗಿ, ಒಲೆಯ ಮೇಲಿನ ಚಹಾ ಇಳಿಸಿ, ಸೋಸಿ, ಬಸಿಯ ಮೇಲೆ ಕಪ್ಪು ಇಟ್ಟು, ಆಮೇಲೆ ಎರಡನೆಯ ಸಲ ಕೂಗುತ್ತಿದ್ದ.

"ಮೊದಲನೇದು ಚಹಾಕ್ಕ, ಎರಡನೇದು ನಿಮಗ," ಎಂದು ಖಂಡಪ್ಪ ನಗುತ್ತಿದ್ದ. "ಯಾವನರ ಹೊಸ ಗಿರಾಕಿ ಬಂದು ಒಮ್ಮಿ ಕರದು ಹೊಂಟೋದ್ರ ನಿಮ್ಮ ಕೇಸ್ ಹೋತಲ್ರಿ."

"ಖರೇನ ಕೆಲಸ ಇದ್ದಾಂವ ಇನ್ನೊಮ್ಮಿ ಕರೀತಾನ ಬಿಡೋ," ಎನ್ನುತ್ತಿದ್ದ ದೇವಿಂದ್ರಪ್ಪ.

ಮನೆಯಲ್ಲಿ ಅವನ ಹೆಂಡತಿ ಶಿವಕಾಂತಮ್ಮನೂ ಹಾಗೆಯೇ ಹೊಂದಿಕೊಂಡಿದ್ದಳು. ಅವಳು ಸೇಡಂ ಕಡೆಯ ಆಡಕಿ ಊರಿನವಳು, ಬಾಯಿ ಸ್ವಲ್ಪ ಹರಿತ. "ಲಗ್ನದಾಗ ಅಯ್ಯನೋರು ತಾಳಿ ಕಟ್ಟು ಅಂತ ಎರಡ ಸಲ ಅಂದ್ರೋ, ಇಲ್ಲಂದ್ರ ನಾ ಇನ್ನಾ ಹಸೀ ಜಗಲಿ ಮ್ಯಾಲೇ ಕುಂತಿರತಿದ್ದೆ," ಎಂದು ಬಂದವರ ಮುಂದೆ ಹೇಳಿ ನಗಿಸುತ್ತಿದ್ದಳು.

ಕೋರ್ಟಿನೊಳಗೆ ಮಾತ್ರ ಅವನಿಗೆ ಯಾವ ತೊಂದರೆಯೂ ಇರಲಿಲ್ಲ. ಅಲ್ಲಿ ಜವಾನ ಬಾಗಿಲಿಗೆ ಬಂದು ಕಕ್ಷಿದಾರನ ಹೆಸರನ್ನು ಮೂರು ಸಲ ಕೂಗುವುದು ಹಿಂದಿನಿಂದ ಬಂದ ರಿವಾಜು. ಹೈಸ್ಕೂಲು ಓದುವಾಗ ಒಮ್ಮೆ ಕೋರ್ಟಿನ ಅಂಗಳದಲ್ಲಿ ನಿಂತು ಆ ಕೂಗು ಕೇಳಿದ ದಿನವೇ ದೇವಿಂದ್ರಪ್ಪನಿಗೆ ಅದು ತನ್ನ ಜಾಗ ಎನ್ನಿಸಿತ್ತು. ಇಲ್ಲಿ ಮನುಷ್ಯರನ್ನು ಸರಿಯಾಗಿ ಕರೆಯುತ್ತಾರೆ ಎಂದುಕೊಂಡಿದ್ದ.

ಅವನ ಮನೆತನ ಕಾಗಿಣಾ ನದಿಯದು. ಅಪ್ಪ ಅಮೃತಪ್ಪ ಹೊಳೆ ದಾಟಿಸುವ ಕೆಲಸ ಮಾಡುತ್ತಿದ್ದ. ಬಿದಿರು ಹೆಣೆದು ಚರ್ಮ ಬಿಗಿದ ದುಂಡನೆಯ ಹರಿಗೋಲು. ಮನೆಮಂದಿ ಅದನ್ನು ಪುಟ್ಟಿ ಎನ್ನುತ್ತಿದ್ದರು. ಮಳೆಗಾಲದಲ್ಲಿ ಹೊಳೆ ತುಂಬಿದಾಗ ಆಚೆ ದಂಡೆಗೆ ಬಂದವರು "ಏ ಪುಟ್ಟಿಯವ್ರ" ಎಂದು ಕೂಗಬೇಕು, ಈಚೆಯಿಂದ ಪುಟ್ಟಿ ಹೋಗಬೇಕು. ಆದರೆ ಒಂದು ಕೂಗಿಗೆ ಯಾರೂ ಏಳುತ್ತಿರಲಿಲ್ಲ. ನೀರಿನ ಮೇಲೆ ಗಾಳಿ ದನಿಯನ್ನು ಎಲ್ಲಿಂದಲೋ ಹೊತ್ತು ತರುತ್ತದೆ, ದೂರದಲ್ಲಿ ದನ ಕಾಯುವವನ ಕೂಗೂ ದಂಡೆಯಲ್ಲಿ ನಿಂತವನದೆಂಬಂತೆ ಕೇಳುತ್ತದೆ ಎಂಬುದು ಗಂಡಸರು ಹೇಳುವ ಕಾರಣ. ಹೆಂಗಸರ ಕಾರಣ ಬೇರೆ. ಹೊಳೆಯಲ್ಲಿ ಮುಳುಗಿ ಹೋದವರು ದಂಡೆಗೆ ಬಂದು ಕರೆಯುತ್ತಾರೆ, ಆದರೆ ಒಂದೇ ಸಲ; ಇನ್ನೊಂದು ಸಲ ಕರೆಯಲು ಅವರಲ್ಲಿ ಉಸಿರು ಇರುವುದಿಲ್ಲ. ಎರಡನೆಯ ಕೂಗು ಬಂದರೆ ಅದು ಬದುಕಿರುವ ಮನುಷ್ಯನದು. ಆಗ "ಓ" ಎನ್ನಬೇಕು.

ದೇವಿಂದ್ರಪ್ಪನ ಅಣ್ಣ ಸಾಯಬಣ್ಣ ಒಂದು ಶ್ರಾವಣದಲ್ಲಿ ಒಂದೇ ಕೂಗಿಗೆ ಓ ಎಂದ. ಅಪ್ಪ ಜ್ವರ ಬಂದು ಮಲಗಿದ್ದ. ಅವ್ವ ಭೀಮಬಾಯಿ ಹಿತ್ತಲಲ್ಲಿದ್ದಳು. ಸಂಜೆಯ ಹೊತ್ತು, ಜಿಟಿಜಿಟಿ ಮಳೆ. ಆಚೆಯಿಂದ ಒಂದು ದನಿ ಬಂತು. ಸಾಯಬಣ್ಣ ಓ ಎಂದು ಎದ್ದು ಹುಟ್ಟು ಹಿಡಿದುಕೊಂಡು ಓಡಿದ. ಮೇಲಿನ ಊರುಗಳಲ್ಲಿ ಸುರಿದ ಮಳೆಯ ನೀರು ಅದೇ ಹೊತ್ತಿಗೆ ಬಂದಿತ್ತು. ಪುಟ್ಟಿ ಮರುದಿನ ಕೆಳಗೆ ಜಾಲಿಯ ಪೊದೆಯಲ್ಲಿ ಸಿಕ್ಕಿತು. ಸಾಯಬಣ್ಣ ಸಿಗಲಿಲ್ಲ. ಆಚೆ ದಂಡೆಯಲ್ಲಿ ಯಾರು ಕೂಗಿದ್ದರೆಂದು ಸುತ್ತಲಿನ ಊರುಗಳಲ್ಲೆಲ್ಲ ಕೇಳಿದರು. ನಾನು ಎಂದು ಹೇಳಿದವರು ಒಬ್ಬರೂ ಇರಲಿಲ್ಲ.

ಆಮೇಲೆ ಭೀಮಬಾಯಿ ಉಳಿದ ಇಬ್ಬರು ಮಕ್ಕಳಿಗೆ, ದೇವಿಂದ್ರಪ್ಪ ಮತ್ತು ಅವನ ತಂಗಿ ಅನಸುಬಾಯಿಗೆ, ಇದನ್ನು ಕಲಿಸಲು ಕುಳಿತಳು. ರೊಟ್ಟಿ ಬಡಿಯುತ್ತ ಇದ್ದಕ್ಕಿದ್ದಂತೆ "ದೇವ್ಯಾ" ಎನ್ನುತ್ತಿದ್ದಳು. ಓ ಎಂದರೆ ಹಿಟ್ಟು ಮೆತ್ತಿದ ಕೈಯಿಂದಲೇ ಬೆನ್ನಿಗೊಂದು ಏಟು. ಸುಮ್ಮನಿದ್ದರೆ ಸ್ವಲ್ಪ ಹೊತ್ತು ಬಿಟ್ಟು ಮತ್ತೊಮ್ಮೆ "ದೇವ್ಯಾ". ಆಗ ಓ ಎಂದರೆ ಹಂಚಿನಿಂದ ಆಗತಾನೇ ತೆಗೆದ ರೊಟ್ಟಿ, ಮೇಲೆ ಶೇಂಗಾ ಹಿಂಡಿ. ಹೊಲದಲ್ಲಿ, ಹೊಳೆಯಲ್ಲಿ, ನಿದ್ದೆಯ ಮಂಪರಿನಲ್ಲಿ, ಎಲ್ಲಿ ಬೇಕಾದರೂ ಅವಳು ಕರೆದು ನೋಡುತ್ತಿದ್ದಳು. ಒಂದೆರಡು ವರ್ಷಗಳಲ್ಲಿ ಏಟಿನ ಅಗತ್ಯ ಉಳಿಯಲಿಲ್ಲ. ಮೊದಲನೆಯ ಕರೆ ಕಿವಿಗೆ ಬಿದ್ದೊಡನೆ ಹುಡುಗನ ನಾಲಿಗೆ ತಾನಾಗಿಯೇ ಕಟ್ಟಿಕೊಳ್ಳುತ್ತಿತ್ತು, ಕೈ ಇದ್ದಲ್ಲಿಯೇ ನಿಲ್ಲುತ್ತಿತ್ತು.

ಮುಂದೆ ಹೊಳೆಗೆ ಸೇತುವೆಯಾಯಿತು. ಪುಟ್ಟಿಯ ಕೆಲಸ ನಿಂತಿತು. ಅಮೃತಪ್ಪ ರಾವೂರಿನ ಕಲ್ಲಿನ ಗಣಿಗೆ ಹೋದ. ಅಜ್ಜನ ಅಜ್ಜನ ಕಾಲದಿಂದ ಹೊಳೆ ದಾಟಿಸಿದವರನ್ನು ಸೇತುವೆ ಕಟ್ಟಿದವರು ಒಂದು ಮಾತನ್ನೂ ಕೇಳಲಿಲ್ಲ ಎಂಬುದು ಅವನ ಮನಸ್ಸಿನಲ್ಲಿ ಉಳಿದುಬಿಟ್ಟಿತು. "ಹೊಳಿ ಮ್ಯಾಲ ನಮ್ದೂ ಹಕ್ಕ ಇತ್ತೋ ಇಲ್ಲೋ, ಯಾವ ಕಾಯ್ದೆದಾಗರ ಬರದಾದೇನು, ನೋಡಿ ಹೇಳು ತಮ್ಮಾ," ಎಂದು ಗುಲಬರ್ಗಾದಲ್ಲಿ ಕಾನೂನು ಓದುತ್ತಿದ್ದ ಮಗನನ್ನು ಅವನು ಕೇಳಿದ್ದ. ಮಗ ನೋಡಿ ಹೇಳುವ ಮೊದಲೇ ಅಪ್ಪ ತೀರಿಕೊಂಡ.

ದೇವಿಂದ್ರಪ್ಪ ನೋಡುತ್ತಲೇ ಇದ್ದ. ಸನದು ಪಡೆದು ಚಿತ್ತಾಪುರದಲ್ಲಿ ವಕೀಲಿ ಹಿಡಿದ ಮೇಲೂ ನೀರಿನ ಕಾಯಿದೆಯ ಪುಸ್ತಕ ಎಲ್ಲಿ ಸಿಕ್ಕರೂ ಓದಿದ. ಹಾಗೆ ಓದುವಾಗಲೇ ಕೆನಡಾ ದೇಶದ ಒಂದು ಲಾ ಕಾಲೇಜಿನ ಪ್ರಾಧ್ಯಾಪಕರ ಲೇಖನ ಸಿಕ್ಕಿತು. ನದಿಯನ್ನು ನಂಬಿ ಬದುಕಿದವರಿಗೆ ನದಿಯ ಮೇಲೆ ಇರುವ ಹಕ್ಕೇ ಅವರ ವಿಷಯ. ಅವನು ಅವರಿಗೆ ಬರೆದ. ಕಾಗಿಣಾದ ಪುಟ್ಟಿಯವರ ಬಗ್ಗೆ ಬರೆದ. ಒಂದು ವರ್ಷ ಪತ್ರಗಳು ಹೋದವು, ಬಂದವು. ಕೊನೆಗೆ, ಸಾವಿರದ ಒಂಬೈನೂರ ಎಪ್ಪತ್ತೇಳರ ಮಳೆಗಾಲ ಮುಗಿಯುವ ಹೊತ್ತಿಗೆ, ಎಲ್ಎಲ್.ಎಂ. ಓದಲು ಸೀಟು ಕೊಡುತ್ತೇವೆ, ಶಿಷ್ಯವೇತನವನ್ನೂ ಕೊಡುತ್ತೇವೆ ಎಂದು ಅವರು ಬರೆದರು. ಒಂದೇ ಷರತ್ತು. ಇಂಗ್ಲಿಷ್ ತಾಯಿನುಡಿಯಲ್ಲದ ದೇಶಗಳಿಂದ ಬರುವವರು ಟೋಫೆಲ್ ಎಂಬ ಇಂಗ್ಲಿಷ್ ಪರೀಕ್ಷೆ ಕೊಡಬೇಕು. ಬೇರೆ ವಿಭಾಗಗಳಿಗೆ ಐದುನೂರ ಐವತ್ತು ಅಂಕ ಸಾಕು. ಲಾ ಕಾಲೇಜಿಗೆ ಆರುನೂರು ಬೇಕು. ಕಾನೂನಿನ ತರಗತಿಯಲ್ಲಿ ಪಾಠವೆಲ್ಲ ಬಾಯಿಮಾತಿನಲ್ಲಿ ನಡೆಯುತ್ತದೆ, ಕೇಳಿದ್ದಕ್ಕೆ ಆ ಕ್ಷಣವೇ ಉತ್ತರ ಹೇಳಬೇಕಾಗುತ್ತದೆ, ಅದಕ್ಕಾಗಿ ಎಂದು ಅವರು ವಿವರಿಸಿದ್ದರು.

ತಾನು ಕಾನೂನನ್ನು ಇಂಗ್ಲಿಷಿನಲ್ಲಿಯೇ ಓದಿದ್ದೇನೆ, ಈ ಪರೀಕ್ಷೆಯಿಂದ ವಿನಾಯಿತಿ ಸಿಗಬಹುದೇ ಎಂದು ದೇವಿಂದ್ರಪ್ಪ ಕೇಳಿದ. ಶಾಲೆಯಿಂದ ಹಿಡಿದು ಎಲ್ಲವೂ ಇಂಗ್ಲಿಷಿನಲ್ಲಿ ಆದವರಿಗೆ ಮಾತ್ರ ವಿನಾಯಿತಿ ಎಂದು ಉತ್ತರ ಬಂತು. ನಿಮ್ಮ ಬರವಣಿಗೆ ನೋಡಿದರೆ ನನಗೆ ಸಂದೇಹವಿಲ್ಲ, ಆದರೆ ನಿಯಮ ನನ್ನ ಕೈಯಲ್ಲಿಲ್ಲ ಎಂದು ಪ್ರಾಧ್ಯಾಪಕರು ಕೆಳಗೆ ಕೈಯಿಂದ ಬರೆದಿದ್ದರು. ಶಿಷ್ಯವೇತನಕ್ಕೆ ವಯಸ್ಸಿನ ಮಿತಿ ಇತ್ತು. ದೇವಿಂದ್ರಪ್ಪನಿಗೆ ಅದು ಕೊನೆಯ ವರ್ಷ. ಹೈದರಾಬಾದಿನಲ್ಲಿ ಜನವರಿಯಲ್ಲಿ ನಡೆಯುವ ಪರೀಕ್ಷೆ ತಪ್ಪಿದರೆ ಸೀಟು ಇನ್ನೊಬ್ಬರಿಗೆ ಹೋಗುತ್ತಿತ್ತು.

"ಓದೂದು ಬರಿಯೂದು ನಿಮಗೇನು ಹೊಸದಲ್ಲ, ಹೆದರಿಕಿ ಯಾಕ?" ಎಂದಳು ಶಿವಕಾಂತಮ್ಮ.

"ಕೇಳೂದೂ ಅದಾ," ಎಂದ ಅವನು.

ಪರೀಕ್ಷೆಯ ಮೊದಲನೆಯ ಭಾಗವೇ ಕೇಳುವುದು. ಟೇಪಿನಲ್ಲಿ ಒಂದು ದನಿ ಒಂದು ವಾಕ್ಯ ಹೇಳುತ್ತದೆ. ಅದರ ಅರ್ಥ ಯಾವುದೆಂದು ಮುಂದಿರುವ ನಾಲ್ಕು ವಾಕ್ಯಗಳಲ್ಲಿ ಒಂದನ್ನು ಆರಿಸಿ ಸಣ್ಣ ಸುತ್ತನ್ನು ಪೆನ್ಸಿಲಿನಿಂದ ತುಂಬಬೇಕು. ಆಮೇಲೆ ಇಬ್ಬರ ಮಾತುಕತೆ, ಆಮೇಲೆ ಉದ್ದನೆಯ ಭಾಷಣ. ಏನೇ ಆದರೂ ಒಂದೇ ಸಲ ಹೇಳುತ್ತಾರೆ.

ದೇವಿಂದ್ರಪ್ಪ ಇಂಗ್ಲಿಷನ್ನು ಕಣ್ಣಿನಿಂದ ಕಲಿತವನು. ಅದಕ್ಕಾಗಿ ಯಾರೋ ಹೇಳಿದರೆಂದು ಹತ್ತಿರದ ವಾಡಿ ಊರಿಗೆ ಅಖ್ತರ ಬೇಗಂ ಅವರ ಹತ್ತಿರ ಹೋದ. ಅವರು ಶಹಾಬಾದಿನ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಬಹಳ ವರ್ಷ ಇಂಗ್ಲಿಷ್ ಕಲಿಸಿ, ಈಗ ರೈಲ್ವೆ ಗಾರ್ಡ್ ಆಗಿದ್ದ ಗಂಡನ ಜೊತೆ ಜಂಕ್ಷನ್ನಿನ ಕ್ವಾರ್ಟರ್ಸಿನಲ್ಲಿದ್ದರು. ದುಬೈಯಲ್ಲಿದ್ದ ತಮ್ಮ ಅವರಿಗೊಂದು ಟೇಪ್ ರೆಕಾರ್ಡರ್ ತಂದುಕೊಟ್ಟಿದ್ದ. ಹೈದರಾಬಾದಿನ ಸಂಬಂಧಿಕರ ಕಡೆಯಿಂದ ಈ ಪರೀಕ್ಷೆಯ ಅಭ್ಯಾಸದ ಕ್ಯಾಸೆಟ್ಟನ್ನೂ ಅವರೇ ತರಿಸಿದರು.

ಮೊದಲನೆಯ ಭಾನುವಾರ ಸಿಮೆಂಟ್ ಕಾರ್ಖಾನೆಯ ಧೂಳು ಬರುತ್ತದೆಂದು ಕಿಟಕಿ ಮುಚ್ಚಿ, ಟೇಪ್ ಹಚ್ಚಿದರು. ವಾಕ್ಯಗಳು ಬಂದವು, ಹೋದವು. ದೇವಿಂದ್ರಪ್ಪ ಪೆನ್ಸಿಲ್ ಹಿಡಿದು ಕುಳಿತಿದ್ದ. ಮುಂದಿನ ಹಾಳೆ ಖಾಲಿ ಇತ್ತು.

"ಅರೆ, ವಕೀಲ ಸಾಬ, ಒಂದೂ ತಿಳೀಲಿಲ್ಲೇನು?"

"ತಿಳೀತ್ರಿ ಆಪಾ. ಇನ್ನೊಮ್ಮಿ ಹಾಕ್ರಿ."

ಅವರು ಇನ್ನೊಮ್ಮೆ ಹಾಕಿದರು. ಈ ಸಲ ಅವನು ಸರಸರನೆ ತುಂಬಿದ. ನೋಡಿದರೆ ಒಂದೂ ತಪ್ಪಿಲ್ಲ. ಬೇಗಂ ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಹಾಕಿಕೊಂಡರು.

"ಇದೇನ್ರಿ ಮಾಜರಾ? ಮೊದಲನೇ ಸಲಕ್ಕ ಮಣ್ಣಿನ ಗೊಂಬಿ, ಎರಡನೇ ಸಲಕ್ಕ ಬ್ಯಾರಿಸ್ಟರ್. ನಿಮ್ಮ ಕಿವಿಗೇನು ಚಾವಿ ಕೊಡಬೇಕೇನು?"

ಅವನು ನಕ್ಕು ಪೆನ್ಸಿಲ್ ಕೆಳಗಿಟ್ಟ. ಮುಂದಿನ ಭಾನುವಾರವೂ ಹಾಗೆಯೇ ಆಯಿತು. ಬೇಗಂ ಹಟದ ಹೆಂಗಸು. ಹೊಸ ಉಪಾಯ ಮಾಡಿದರು. ಅಡಿಗೆಮನೆಯಿಂದ "ವಕೀಲ ಸಾಬ, ಚಾಯ್" ಎಂದು ಒಂದೇ ಸಲ ಕೂಗುವುದು. ಕೂಡಲೇ ಓ ಎಂದರೆ ಚಹಾ, ಇಲ್ಲದಿದ್ದರೆ ಇಲ್ಲ. ಆ ಚಳಿಗಾಲದಲ್ಲಿ ಡ್ಯೂಟಿ ಇಲ್ಲದ ಭಾನುವಾರಗಳಲ್ಲೆಲ್ಲ ಗಾರ್ಡ್ ಸಾಹೇಬರು ಎರಡೆರಡು ಕಪ್ಪು ಚಹಾ ಕುಡಿದರು. "ನಿಮ್ಮ ಮೆಹರಬಾನಿ ವಕೀಲ್ರ, ಹಿಂಗೇ ಬರ್ತಾ ಇರ್ರಿ," ಎಂದು ಅವರು ಮೀಸೆ ಒರೆಸಿಕೊಳ್ಳುತ್ತಿದ್ದರು.

ಡಿಸೆಂಬರ್ ಬಂದಾಗ ಬೇಗಂ ತಮಾಷೆ ಬಿಟ್ಟು ಎದುರಿಗೆ ಕುಳಿತು ಕೇಳಿದರು. ಆಗ ದೇವಿಂದ್ರಪ್ಪ ಹೊಳೆಯ ಮಾತು, ಸಾಯಬಣ್ಣನ ಮಾತು, ಹಿಟ್ಟು ಮೆತ್ತಿದ ಕೈಯ ಮಾತು ಹೇಳಿದ. ಎಂಥ ಮೂಢನಂಬಿಕೆ ಎಂದು ಅವರು ಬಯ್ಯಬಹುದೆಂದು ತಲೆ ತಗ್ಗಿಸಿದ್ದ. ಅವರು ಬಯ್ಯಲಿಲ್ಲ.

"ನಮ್ಮ ಅಮ್ಮೀನೂ ಸಂಜಿ ಮಗ್ರಿಬ್ ನಮಾಜಿನ ಹೊತ್ತಿಗೆ ಒಂದ ಸಲ ಕರದ್ರ ಬಾಗಿಲಾ ತಗೀಬ್ಯಾಡ ಅಂತಿದ್ರು," ಎಂದರು ಮೆಲ್ಲಗೆ.

"ನಾ ನಂಬಾಂಗಿಲ್ರಿ ಆಪಾ. ಟೇಪಿನಾಗ ದೆವ್ವ ಇಲ್ಲಂತ ನನಗ ಗೊತ್ತದ. ಕೈಗಿ ಗೊತ್ತಿಲ್ಲ."

"ಇದು ನನ್ನಿಂದ ಆಗೂ ಕೆಲಸ ಅಲ್ಲ. ಕಲಿಸಿದಾಕಿನ ಬಿಡಿಸಬೇಕು. ಅವ್ವನ ಹಂತ್ಯಾಕ ಹೋಗ್ರಿ. ಒಂದ ಸಲ ಕರದು ಬಿಡು ಅನ್ರಿ. ಆಕಿಗಿ ಓ ಅಂದ್ರಿ ಅಂದ್ರ ಯಾರಿಗರ ಅಂತೀರಿ."

ಭೀಮಬಾಯಿ ಹೊಳೆದಂಡೆಯ ಅದೇ ಮನೆಯಲ್ಲಿ ಮಗಳು ಅನಸುಬಾಯಿ, ಅಳಿಯ, ಮೊಮ್ಮಕ್ಕಳ ಜೊತೆ ಇದ್ದಳು. ದೇವಿಂದ್ರಪ್ಪ ಹೋದಾಗ ಮಧ್ಯಾಹ್ನದ ಬಿಸಿಲು. ತಾಯಿ ಮಗಳು ಅಂಗಳದಲ್ಲಿ ಕುಳಿತು ತೊಗರಿ ಹಸನು ಮಾಡುತ್ತಿದ್ದರು. ಅವನು ಬಂದ ಕಾರಣ ಹೇಳಿದ.

"ಅದ್ಯಾವ ಪರೀಕ್ಷಾನೋ, ಒಂದ ಸಲಾನ ಕರಿಯೂದು?" ಎಂದಳು ಭೀಮಬಾಯಿ.

"ಕರಿಯೂದಲ್ಲವ್ವ. ಮಾತಾಡ್ತಾರ. ಅದಕ ನಾ ಉತ್ತರ ಬರೀಬೇಕು."

"ಮಾತಾಡಾಂವ ಎದುರಿಗಿ ಇರತಾನೇನು?"

"ಇರಾಂಗಿಲ್ಲ. ಪೆಟಗಿಯಾಗಿಂದ ದನಿ ಬರತದ."

"ಅಂವ ಜೀವಂತ ಅದಾನೇನು?"

ಆ ದನಿ ಯಾವ ಮನುಷ್ಯನದೋ, ಯಾವಾಗ ಮಾತಾಡಿದ್ದೋ ದೇವಿಂದ್ರಪ್ಪನಿಗೂ ಗೊತ್ತಿರಲಿಲ್ಲ. "ಇರಬೇಕು," ಎಂದ.

ಭೀಮಬಾಯಿ ಮೊರವನ್ನು ಕೆಳಗಿಟ್ಟಳು. "ಮೈ ಇಲ್ಲದ ದನಿ. ಒಂದ ಸಲ ಕೂಗತದ. ಅದಕ ನೀ ಓ ಅನಬೇಕು. ಅಂದ್ರ ಅದು ನಿನ್ನ ನೀರಿನಾಚೆ ಕರಕೊಂಡು ಹೋಗತದ."

ಅನಸುಬಾಯಿ ಕಿಸಕ್ಕನೆ ನಕ್ಕಳು. "ಅಣ್ಣ ಶಾಣ್ಯಾ ಅದಾನ ಅಂತ ನೀನೇ ಊರತುಂಬ ಹೇಳ್ತಿದ್ದಿ. ಒಂದ ಸಲ ಕರದ್ರ ನಿನ್ನ ಗಂಟಲೇನು ಸವೀತದ? ಕರಿಯವ್ವ."

"ಅಪ್ಪ ಕೇಳಿದ ಮಾತಿನ ಸಲುವಾಗಿ ಹೊಂಟೀನವ್ವ," ಎಂದ ದೇವಿಂದ್ರಪ್ಪ. "ಹೊಳಿ ಮ್ಯಾಲಿನ ಹಕ್ಕಿನ ಮಾತು. ಅಲ್ಲಿ ಕಲಿಸ್ತಾರ."

ಗಂಡನ ಮಾತು ಬಂದ ಮೇಲೆ ಅವಳು ಎದ್ದಳು. ಅವನು ಅಂಗಳದ ತುದಿಗೆ ಹೋಗಿ ಹೊಳೆಯ ಕಡೆ ಮುಖ ಮಾಡಿ ನಿಂತ. ಚಳಿಗಾಲದ ಹೊಳೆ, ಮೊಣಕಾಲುದ್ದ ನೀರು, ಎಮ್ಮೆಗಳು ಮಲಗಿದ್ದವು. ಹೆದರುವಂಥದ್ದು ಅಲ್ಲಿ ಏನೂ ಇರಲಿಲ್ಲ.

"ದೇವ್ಯಾ," ಎಂದಳು ಭೀಮಬಾಯಿ.

ಅವನಿಗೆ ಕೇಳಿಸಿತು. ಓ ಎನ್ನಬೇಕೆಂದುಕೊಂಡ. ಬಾಯಿ ತೆರೆದ. ನಾಲಿಗೆ ಒಣಗಿದ ತೊಗಲಿನಂತೆ ಬಿದ್ದುಕೊಂಡಿತ್ತು. ಹಿಂದೆ ಅವ್ವನ ಉಸಿರು ಜೋರಾಗುವುದು ಕೇಳಿಸುತ್ತಿತ್ತು. ಅವಳೂ ತಡೆದು ನಿಂತಿದ್ದಳು. ಎಮ್ಮೆಯೊಂದು ಕಿವಿ ಬಡಿಯಿತು.

"ದೇವ್ಯಾ."

"ಓ," ಎಂದ ಅವನು ಕೂಡಲೇ.

ತಿರುಗಿ ನೋಡಿದರೆ ಭೀಮಬಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. "ನನ್ನ ಬಾಯಿ ನನ್ನ ಮಾತ ಕೇಳಲಿಲ್ಲೋ ಮಗಾ. ನೀ ಸುಮ್ಮ ನಿಂತಿದ್ದು ನೋಡಿ ತಾನಾ ಬಂತು."

ಮತ್ತೆ ಪ್ರಯತ್ನಿಸಿದರು. ಪ್ರತಿ ಸಲವೂ ಅವನು ಓ ಎನ್ನಲಾರದೆ ಹೋದ, ಅವಳು ಎರಡನೆಯ ಸಲ ಕರೆಯದೆ ಇರಲಾರದೆ ಹೋದಳು. ಮೊದಮೊದಲು ನಗುತ್ತಿದ್ದ ಅನಸುಬಾಯಿ ಆಮೇಲೆ ಮೊರ ಎತ್ತಿಕೊಂಡು ಒಳಗೆ ಹೋದಳು. ಬಿಸಿಲು ಇಳಿಯುವವರೆಗೆ ತಾಯಿ ಮಗ ಅಂಗಳದಲ್ಲಿ ಹಾಗೆ ನಿಂತಿದ್ದರು. ಅವನು ಹೊರಡುವಾಗ ಅವಳು ಸೇತುವೆಯವರೆಗೆ ಬಂದಳು.

ಪರೀಕ್ಷೆಯ ಹಿಂದಿನ ದಿನ ದೇವಿಂದ್ರಪ್ಪ ಪ್ಯಾಸೆಂಜರ್ ಗಾಡಿಯಲ್ಲಿ ಹೈದರಾಬಾದಿಗೆ ಹೋದ. ಶಿವಕಾಂತಮ್ಮ ಕಟ್ಟಿಕೊಟ್ಟ ಕಡಕ್ ರೊಟ್ಟಿ, ಹಿಂಡಿ ಚೀಲದಲ್ಲಿದ್ದವು. ಮರುದಿನ ಒಂದು ಕಾಲೇಜಿನ ದೊಡ್ಡ ಸಭಾಂಗಣದಲ್ಲಿ ಕೂರಿಸಿದರು. ಹೆಚ್ಚಿನವರು ಅವನಿಗಿಂತ ಎಷ್ಟೋ ಚಿಕ್ಕವರು. ವೇದಿಕೆಯ ಮೇಲೆ ಟೇಪ್ ರೆಕಾರ್ಡರ್, ಎರಡೂ ಕಡೆ ಧ್ವನಿವರ್ಧಕ. ಉದ್ದ ಕೋಟಿನ ಮೇಲ್ವಿಚಾರಕರು ನಿಯಮ ಹೇಳಿ ಗುಂಡಿ ಒತ್ತಿದರು.

ಗಂಡಸಿನ ದನಿ, ಸ್ಪಷ್ಟವಾಗಿತ್ತು. ಯಾರೋ ಒಬ್ಬಳು ಅಂಗಡಿಗೆ ಹೋಗುವಷ್ಟರಲ್ಲಿ ಅಂಗಡಿ ಮುಚ್ಚಿತ್ತು ಎಂಬರ್ಥದ ಮಾತು. ದೇವಿಂದ್ರಪ್ಪನಿಗೆ ಒಂದೊಂದು ಶಬ್ದವೂ ತಿಳಿಯಿತು. ಸರಿಯಾದ ಉತ್ತರ ಕಣ್ಣಿಗೂ ಬಿತ್ತು. ಪೆನ್ಸಿಲ್ ಹಾಳೆಯಿಂದ ಒಂದು ಜೋಳದ ಕಾಳಿನಷ್ಟು ಮೇಲೆ ನಿಂತಿತು. ಮಾತು ಮುಗಿದ ಮೇಲೆ ಬರೆಯಲೆಂದು ಬಿಟ್ಟ ಮೌನ ಬಂತು. ಸುತ್ತಲೂ ಪೆನ್ಸಿಲುಗಳು ಗೀಚುವ ಸದ್ದು. ಅವನ ಮೈಯೆಲ್ಲ ಕಿವಿಯಾಗಿ ಆ ಮೌನದ ಆಚೆಯಿಂದ ಅದೇ ಮಾತು ಮತ್ತೊಮ್ಮೆ ಬರುವುದನ್ನು ಕಾಯುತ್ತಿತ್ತು. ಬಂದದ್ದು ಎರಡನೆಯ ಪ್ರಶ್ನೆ.

ಬರಿ, ಬರಿ ಎಂದು ತನಗೆ ತಾನೇ ಹೇಳಿಕೊಂಡ. ಎಡಗೈಯಿಂದ ಬಲಗೈಯ ಮಣಿಕಟ್ಟನ್ನು ಹಿಡಿದು ಕೆಳಗೆ ಒತ್ತಿದ. ಒಂದು ಉಪಾಯ ಹೊಳೆಯಿತು: ಕೇಳಿದ ಮಾತನ್ನು ತಾನೇ ಇನ್ನೊಮ್ಮೆ ಹೇಳಿಕೊಂಡರೆ ಅದೇ ಎರಡನೆಯ ಕೂಗು. ತುಟಿ ಅಲ್ಲಾಡಿಸಿ ಪಿಸುಗುಟ್ಟಿದ. ಕೈ ಸಡಿಲವಾಯಿತು, ಒಂದು ಸುತ್ತು ತುಂಬಿದ. ಇನ್ನೊಂದು ತುಂಬಿದ. ಉದ್ದ ಕೋಟಿನವರು ಬಂದು ಮೇಜಿನ ಮೇಲೆ ಬೆರಳಿನಿಂದ ಬಡಿದು, ಮಾತಾಡಬಾರದು ಎಂದರು. ಅದನ್ನೂ ಅವರು ಒಂದೇ ಸಲ ಹೇಳಿದರು. ದೇವಿಂದ್ರಪ್ಪ ಪಿಸುಗುಟ್ಟುತ್ತಲೇ ಇದ್ದ. ಅವರು ತಿರುಗಿ ಬಂದು ಗದರಿದಾಗ ಬಾಯಿ ಮುಚ್ಚಿದ. ಆಮೇಲೆ ಮನಸ್ಸಿನೊಳಗೆ ಹೇಳಿಕೊಳ್ಳಲು ನೋಡಿದ. ಆದರೆ ದನಿಯಿಲ್ಲದ ಮಾತನ್ನು ಅವನ ಕೈ ಕೂಗೆಂದು ಒಪ್ಪಲಿಲ್ಲ.

ಕೊನೆಗೆ ಉದ್ದನೆಯ ಭಾಷಣ ಬಂತು. ಚಳಿ ದೇಶದ ನದಿಯೊಂದು ಹೆಪ್ಪುಗಟ್ಟಿ, ಮತ್ತೆ ಒಡೆದು ಹರಿಯುವ ಬಗ್ಗೆ ಒಬ್ಬ ಹೆಂಗಸು ಹೇಳಿದಳು. ಅವನು ಅದನ್ನು ಎಷ್ಟು ಗಮನವಿಟ್ಟು ಕೇಳಿದನೆಂದರೆ, ಮುಂದೆ ಎಷ್ಟೋ ವರ್ಷಗಳ ಮೇಲೂ ಮೊದಲಿನಿಂದ ಕೊನೆಯವರೆಗೆ ಹೇಳಬಲ್ಲವನಾಗಿದ್ದ. ಅದರ ಮೇಲಿನ ಪ್ರಶ್ನೆಗಳು ಒಂದೊಂದಾಗಿ ಬಂದು ಹೋದವು. ಟೇಪು ನಿಂತಿತು.

ವ್ಯಾಕರಣದ ಭಾಗವನ್ನೂ ಓದುವ ಭಾಗವನ್ನೂ ಅವನು ಹೊತ್ತಿಗೆ ಮೊದಲೇ ಮುಗಿಸಿದ. ಮಿಕ್ಕ ಹೊತ್ತಿನಲ್ಲಿ ಹಿಂದಿನ ಭಾಗಕ್ಕೆ ಹೋಗಬಹುದೇ ಎಂದು ಕೈ ಎತ್ತಿ ಕೇಳಿದ. ಹೋಗುವಂತಿಲ್ಲ ಎಂದರು. ಪುಸ್ತಿಕೆ ಮುಚ್ಚಿ, ಕೈಕಟ್ಟಿ, ಉಳಿದವರು ಮುಗಿಸುವವರೆಗೆ ಕುಳಿತಿದ್ದ.

ತಿರುಗಿ ಬರುವಾಗ ತಾಂಡೂರು ದಾಟಿದ ಮೇಲೆ ಗಾಡಿಯ ಸದ್ದಿನಲ್ಲಿ ಆ ಗಂಡಸಿನ ದನಿ ಮತ್ತೆ ಕೇಳಿಸತೊಡಗಿತು. ಅಂಗಡಿ ಮುಚ್ಚಿತ್ತು ಎಂಬ ಮಾತಿನಿಂದ ಹಿಡಿದು ಒಂದೊಂದೇ ವಾಕ್ಯ ಬಂತು. ಅವನ ಬಲಗೈ ಬೆರಳುಗಳು ತೊಡೆಯ ಮೇಲೆ ಸುತ್ತುಗಳನ್ನು ತುಂಬುತ್ತಾ ಹೋದವು. ಸೇಡಂ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಎದುರಿಗೆ ಕುಳಿತಿದ್ದ ಮುದುಕಿ "ಏನಪ್ಪಾ, ಕೈ ಸೆಳೀಲಿಕತ್ತದೇನು?" ಎಂದು ಕೇಳಿದಳು. ಅವಳು ಇನ್ನೊಮ್ಮೆ ಕೇಳಿದ ಮೇಲೆ ಅವನು ಹೌದೆಂದ.

ಮಾರ್ಚಿನಲ್ಲಿ ಫಲಿತಾಂಶ ಬಂತು. ಆರುನೂರು ಬೇಕಾಗಿತ್ತು, ಐದುನೂರ ಅರವತ್ತಮೂರು ಬಂದಿತ್ತು. ಉಳಿದೆರಡು ಭಾಗಗಳಲ್ಲಿ ತುಂಬಾ ಒಳ್ಳೆಯ ಅಂಕ. ಕೇಳುವ ಭಾಗ ಎಲ್ಲವನ್ನೂ ಕೆಳಗೆ ಎಳೆದಿತ್ತು. ಬೇರೆ ಯಾವ ವಿಭಾಗವಾಗಿದ್ದರೂ ನಡೆಯುತ್ತಿತ್ತು ಎಂದು ಪ್ರಾಧ್ಯಾಪಕರು ಬರೆದರು. ಅವರು ಮಂಡಳಿಯ ಮುಂದೆ ವಾದಿಸಿದ್ದರಂತೆ. ಕೇಳಿ ಅರ್ಥ ಮಾಡಿಕೊಳ್ಳಲಾರದವನು ಕಾನೂನಿನ ತರಗತಿಯಲ್ಲಿ ಹೇಗೆ ಕೂತಾನು ಎಂದು ಮಂಡಳಿ ಕೇಳಿತಂತೆ. ದೇವಿಂದ್ರಪ್ಪ ಉತ್ತರ ಬರೆಯಲು ಕುಳಿತ. ಹೊಳೆಯ ಮಾತನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳಿದರೂ ನೆಪ ಹೇಳಿದಂತೆ ಕಂಡಿತು. ಕೃತಜ್ಞತೆ ಮಾತ್ರ ಬರೆದು ಮುಗಿಸಿದ.

ಅಖ್ತರ ಬೇಗಂ ಅಂದು ಒಂದೂ ತಮಾಷೆಯ ಮಾತಾಡಲಿಲ್ಲ. ಚಹಾವನ್ನು ತಾವೇ ತಂದು ಕೈಗೆ ಕೊಟ್ಟರು. ಕ್ಯಾಸೆಟ್ಟನ್ನು ಇಟ್ಟುಕೊಳ್ಳಿ ಎಂದರು. ಅವನ ಮನೆಯಲ್ಲಿ ಟೇಪ್ ರೆಕಾರ್ಡರ್ ಇರಲಿಲ್ಲ, ಆದರೂ ತಂದ.

ಕೋರ್ಟು, ಕಕ್ಷಿದಾರರು, ಖಂಡಪ್ಪನ ಚಹಾ ಎಂದಿನಂತೆ ನಡೆದವು. ಖಂಡಪ್ಪ ಈಗ ನಗದೆ ಎರಡು ಸಲ ಕೂಗುತ್ತಿದ್ದ. ಶಿವಕಾಂತಮ್ಮ ಲಗ್ನದ ತಮಾಷೆ ಬಿಟ್ಟಳು. ಅದು ಅವನಿಗೆ ಇನ್ನೂ ಕಷ್ಟವಾಯಿತು. ಆ ಹಳೆಯ ತಮಾಷೆಯನ್ನಾದರೂ ಅವರು ಉಳಿಸಿಕೊಳ್ಳಬಹುದಿತ್ತು ಎನ್ನಿಸುತ್ತಿತ್ತು.

ಯುಗಾದಿಯಾದ ಮೇಲೆ ಒಂದು ಭಾನುವಾರ ಬೆಳಿಗ್ಗೆ ದೇವಿಂದ್ರಪ್ಪ ಮನೆಯಲ್ಲಿ ಕುಳಿತು ಕೇಸಿನ ಕಾಗದ ನೋಡುತ್ತಿದ್ದ. ಶಿವಕಾಂತಮ್ಮ ನೀರಿಗೆ ಹೋಗಿದ್ದಳು. ಬಿಸಿಲು ಬಾರದಿರಲೆಂದು ಬಾಗಿಲು ಮುಚ್ಚಿತ್ತು.

"ದೇವ್ಯಾ," ಎಂದು ಹೊರಗಿನಿಂದ ದನಿ ಬಂತು.

ಅವ್ವನ ದನಿ. ಬಸ್ಸಿನಿಂದ ಇಳಿದು ನಡೆದು ಬಂದ ಏದುಸಿರೂ ಅದರಲ್ಲಿತ್ತು. ದೇವಿಂದ್ರಪ್ಪ ಕಾಗದ ಹಿಡಿದುಕೊಂಡೇ ಕಾದ. ಎರಡನೆಯ ಕರೆ ಬರಲಿಲ್ಲ. ಬೀದಿಯಲ್ಲಿ ಒಂದು ಎತ್ತಿನ ಗಾಡಿ ಹೋಯಿತು. ಗಾಡಿಯ ಸದ್ದು ಮುಗಿದ ಮೇಲೂ ಹೊರಗೆ ಮೌನ. ಆಗ ಅವನಿಗೆ ಅರ್ಥವಾಯಿತು. ಅವ್ವ ಕಲಿತಿದ್ದಾಳೆ. ಅಷ್ಟು ದಿನ ಹೊಳೆದಂಡೆಯಲ್ಲಿ ಒಬ್ಬಳೇ ನಿಂತು, ಒಂದು ಸಲ ಕರೆದು ಬಾಯಿ ಬಿಗಿ ಹಿಡಿಯುವುದನ್ನು ರೂಢಿ ಮಾಡಿಕೊಂಡು ಬಂದಿದ್ದಾಳೆ. ಮಗನ ಪರೀಕ್ಷೆ ಮುಗಿದಿದೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ತಾನೇ ಹೋಗಿ ಹೇಳಬೇಕಿತ್ತು. ಹೇಳಲು ಧೈರ್ಯ ಬಂದಿರಲಿಲ್ಲ.

ಓ ಎನ್ನು, ಎಂದುಕೊಂಡ. ಇದೊಂದು ಸಲ. ಹೊರಗೆ ಇರುವವಳು ಯಾರೆಂದು ಗೊತ್ತಿದೆ. ಉಸಿರಿದೆ, ಮೈಯಿದೆ, ಬಗಲಲ್ಲಿ ರೊಟ್ಟಿಯ ಗಂಟೂ ಇರಬೇಕು. ಕಣ್ಣಲ್ಲಿ ನೀರು ಬಂತು. ಓ ಬರಲಿಲ್ಲ.

ಎಷ್ಟು ಹೊತ್ತಾಯಿತೋ. ಕೊನೆಗೆ ಮಾತಿಲ್ಲದೆ ಎದ್ದು ಹೋಗಿ ಬಾಗಿಲು ತೆಗೆದ. ಭೀಮಬಾಯಿ ಕಟ್ಟೆಯ ಮೇಲೆ ಕುಳಿತಿದ್ದಳು. ಸೆರಗಿನ ತುದಿಯನ್ನು ಹಲ್ಲಿನ ನಡುವೆ ಕಚ್ಚಿ ಹಿಡಿದಿದ್ದಳು. ಅವನನ್ನು ಕಂಡ ಮೇಲೆ ಸೆರಗು ಬಿಟ್ಟಳು.

"ಕೇಳಿಸ್ತೇನು?"

"ಕೇಳಿಸ್ತವ್ವ."

"ನಾ ಒಂದ ಸಲಾನ ಕರದೆ."

"ಹೂಂ. ಒಂದ ಸಲಾನ ಕರದಿ."

ಅವಳು ಅವನ ಮುಖವನ್ನು ನೋಡಿದಳು. ಪರೀಕ್ಷೆ ಯಾವಾಗ ಎಂದು ಕೇಳಲು ಬಾಯಿ ತೆರೆದವಳು ಕೇಳಲಿಲ್ಲ. ಗಂಟನ್ನು ಬಿಚ್ಚತೊಡಗಿದಳು. ಗಂಟು ಬಿಗಿಯಾಗಿತ್ತು. ದೇವಿಂದ್ರಪ್ಪ ಪಕ್ಕದಲ್ಲಿ ಕುಳಿತು ಬಿಚ್ಚಿಕೊಟ್ಟ. ರೊಟ್ಟಿ, ಶೇಂಗಾ ಹಿಂಡಿ.

"ತಿನ್ನು," ಎಂದಳು.

ಅವನು ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತೇ ಇದ್ದ. ಭೀಮಬಾಯಿ ಬೀದಿಯ ಕಡೆ ಮುಖ ತಿರುಗಿಸಿ, ಸ್ವಲ್ಪ ಹೊತ್ತು ತಡೆದು, ಇನ್ನೊಮ್ಮೆ ಅಂದಳು.

"ತಿನ್ನೋ ಮಗಾ."